ಹತ್ತು ಉಪಗ್ರಹ ಸಿಗುವವರೆಗೆ

ಶಿವಕುಮಾರನ ಫೋನು ಬಂದಾಗ ಬುಷ್ರಾ ದಾವಣಗೆರೆಯ ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯೊಬ್ಬರ ಚೌಕಟ್ಟಿಗೆ ತಿರುಪು ಕೂರಿಸುತ್ತಿದ್ದಳು.

"ಅಕ್ಕ, ನಿನ್ನ ಡ್ರೋನ್ ತಗಂಡು ಹರಿಹರಕ್ಕೆ ಬಂದ್ಬಿಡು. ಇಜಾಜ್ ಹೊಳೆ ನಡುವೆ ಸಿಕ್ಕಂಡಾನೆ."

ಇಜಾಜ್ ಅವಳ ತಮ್ಮ, ಪಂಪ್‌ಸೆಟ್ ರಿಪೇರಿ ಮಾಡುವವನು. ಶಿವಕುಮಾರ ಅವನ ಹೈಸ್ಕೂಲಿನ ಗೆಳೆಯ. ಹರಿಹರದ ಹೊರಗೆ, ತುಂಗಭದ್ರೆಯ ದಂಡೆಯಲ್ಲಿ ಶಿವಕುಮಾರನ ಗದ್ದೆಯಿತ್ತು. ಡ್ಯಾಮಿನಿಂದ ನೀರು ಬಿಡುತ್ತಾರೆಂದು ಕೇಳಿ, ನಡುಗಡ್ಡೆಯಲ್ಲಿ ಕೂರಿಸಿದ್ದ ಮೋಟಾರನ್ನು ಬಿಚ್ಚಿ ತರಲು ಬೆಳಿಗ್ಗೆ ಇಬ್ಬರೂ ಮೊಣಕಾಲುದ್ದದ ನೀರು ದಾಟಿ ಹೋಗಿದ್ದರು. ಶಿವಕುಮಾರ ಹಗ್ಗ ತರಲೆಂದು ದಂಡೆಗೆ ಬಂದ. ತಿರುಗಿ ಹೊರಡುವಷ್ಟರಲ್ಲಿ ಹೊಳೆ ಕೆಂಪಾಗಿ ಎದೆಮಟ್ಟ ಏರಿತ್ತು. ಇಜಾಜನ ಫೋನು ಹತ್ತುತ್ತಿರಲಿಲ್ಲ.

ಬುಷ್ರಾ ಅಂಗಡಿಯ ಕಪಾಟಿನಿಂದ ಡ್ರೋನಿನ ಚೀಲ ಎಳೆದುಕೊಂಡಳು. ಸ್ಕೂಟರು ದಾರಿಯ ಬಾತಿ ಊರು ದಾಟಿದ ಮೇಲೆ ಅವಳಿಗೆ ನೆನಪಾಯಿತು. ಹೋದ ತಿಂಗಳು ನಿಜಲಿಂಗಪ್ಪ ಬಡಾವಣೆಯ ಪಾರ್ಕಿನಲ್ಲಿ ಡ್ರೋನ್ ಬೇವಿನ ಮರಕ್ಕೆ ಬಡಿದು ಬಿದ್ದಿತ್ತು. ಬಿಡುವಾದಾಗ ನೋಡಿದರಾಯಿತೆಂದು ಇಟ್ಟವಳು ಮತ್ತೆ ಅದನ್ನು ಮುಟ್ಟಿರಲಿಲ್ಲ. ಬ್ಯಾಟರಿ ಒಂದು ತುಂಬಿತ್ತು, ಅಷ್ಟೇ.

ದಂಡೆಯಲ್ಲಿ ಅಗ್ನಿಶಾಮಕದವರ ರಬ್ಬರ್ ದೋಣಿ ಸಿದ್ಧವಾಗಿತ್ತು. ಅವರ ಮುಖ್ಯಸ್ಥ ಉಜ್ಜನಪ್ಪ ಹೊಳೆಯತ್ತ ಕೈ ಚಾಚಿದರು.

"ಮೋಟಾರ್ ಇದ್ದ ಗಡ್ಡೆ ಮುಳುಗೈತಮ್ಮ. ಕೆಳಗೆ ಇನ್ನೂ ಎರಡು ಗಡ್ಡೆ ಅದಾವೆ, ಪೂರಾ ಜಾಲಿ ಬೆಳೆದೈತೆ, ಒಳಗೆ ಏನೂ ಕಾಣಲ್ಲ. ಈಜಿ ಯಾವುದಕ್ಕೆ ಹತ್ಯಾನೋ ಗೊತ್ತಾದ್ರೆ ಒಂದೇ ಏಟಿಗೆ ಹೋಗಬಹುದು. ತಪ್ಪು ಕಡೆ ಹೋದ್ರೆ ಈ ಸೆಳವಿಗೆ ದೋಣಿ ತಿರುಗಿಸಾಕೆ ಆಗಲ್ಲ."

ಈಜಿ ಹತ್ತಿದ್ದರೆ ಎಂದು ಅವರು ಹೇಳಲಿಲ್ಲ. ಬುಷ್ರಾಳಿಗೆ ಕೇಳಿಸಿದ್ದು ಅದೇ.

ಶಿವಕುಮಾರನ ಜೀಪಿನ ಬಾನೆಟ್ ಮೇಲೆ ಡ್ರೋನ್ ಇಟ್ಟು ಚಾಲೂ ಮಾಡಿದಳು. ಪರದೆಯ ಮೇಲೆ ಕೆಂಪು ಅಕ್ಷರ: ದಿಕ್ಸೂಚಿಯಲ್ಲಿ ದೋಷ. ಉಪಗ್ರಹಗಳು ಮೂರು. ಕನಿಷ್ಠ ಹತ್ತು ಸಿಗದೆ ಅದಕ್ಕೆ ತಾನೆಲ್ಲಿದ್ದೇನೆಂಬುದೇ ತಿಳಿಯದು. ಗಾಳಿ ನೂಕಿದತ್ತ ತೇಲಿಹೋಗುತ್ತದೆ. ಹೊಳೆಯ ಮೇಲೆ ಗಾಳಿ ಬಲವಾಗಿತ್ತು.

"ಜೀಪಿನ ಕಬ್ಬಿಣ," ಎಂದು ತನಗೆ ತಾನೇ ಹೇಳಿಕೊಂಡು, ಡ್ರೋನನ್ನು ಎತ್ತಿಕೊಂಡು ಮರಗಳಿಲ್ಲದ ಗದ್ದೆಯ ಬದುವಿಗೆ ಓಡಿದಳು. ಅಲ್ಲಿ ದಿಕ್ಸೂಚಿ ಸರಿಪಡಿಸಲು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಅಡ್ಡ, ಆಮೇಲೆ ಉದ್ದ, ತಾನೂ ಒಂದೊಂದು ಸುತ್ತು ತಿರುಗಿದಳು. ದೂರದಲ್ಲಿ ನಿಂತ ಜನ ಇವಳಿಗೇನಾಯಿತೆಂದು ನೋಡುತ್ತಿದ್ದರು. ಕೆಂಪು ಅಕ್ಷರ ಮಾಯವಾಯಿತು. ಉಪಗ್ರಹ ಐದು. ಐದಕ್ಕೇ ನಿಂತುಬಿಟ್ಟಿತು.

"ಹಾರಿಸಕ್ಕ," ಎಂದ ಶಿವಕುಮಾರ. ಅವನ ಒದ್ದೆ ಪ್ಯಾಂಟಿನಿಂದ ಕೆಸರು ಇಳಿಯುತ್ತಿತ್ತು. "ಇನ್ನೂ ಯಾಕ ತಡ?"

"ಬಹಳ ದಿನ ಆಫ್ ಇತ್ತಲ್ಲ, ಎಲ್ಲಾ ಹೊಸದಾಗಿ ಹುಡುಕ್ತೈತೆ. ಸುಮ್ನಿರು ಸ್ವಲ್ಪ."

ಆರು. ಏಳು. ಆಗ ಅವಳು ಕ್ಯಾಮೆರಾ ಕಡೆ ನೋಡಿದಳು. ಅದನ್ನು ಅಲುಗದಂತೆ ಹಿಡಿಯುವ ಪುಟ್ಟ ತೊಟ್ಟಿಲು, ಗಿಂಬಲ್, ಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಕ್ಯಾಮೆರಾ ತಲೆ ಕೆಳಗೆ ಹಾಕಿ ಜೋತುಬಿದ್ದಿತ್ತು. ಪರದೆಯಲ್ಲಿ ಬರೀ ಮಣ್ಣು.

ಸರಿಮಾಡಬೇಕೆಂದರೆ ಆಫ್ ಮಾಡಬೇಕು. ಆಫ್ ಮಾಡಿದರೆ ಈಗ ಸಿಕ್ಕ ಉಪಗ್ರಹಗಳೆಲ್ಲ ಕೈಬಿಟ್ಟು ಹೋಗುತ್ತವೆ. ಎಂಟು. ಶಿವಕುಮಾರ ಮತ್ತೆ, "ಅಕ್ಕ!" ಎಂದ. ದೋಣಿಯ ಬಳಿಯಿಂದ ಉಜ್ಜನಪ್ಪ ಕೈಸನ್ನೆ ಮಾಡುತ್ತಿದ್ದರು. ಬುಷ್ರಾಳ ಬೆರಳು ಗುಂಡಿಯ ಮೇಲೆ ನಿಂತಿತು. ಕಣ್ಣಿಲ್ಲದ ಯಂತ್ರ ಎಲ್ಲಿಗೆ ಹಾರಿ ಏನು ಪ್ರಯೋಜನ? ಆಫ್ ಮಾಡಿಬಿಟ್ಟಳು.

"ಏನ್ ಮಾಡ್ದೆ! ಎಂಟಿತ್ತಲ್ಲ!"

"ನನ್ನ ತಮ್ಮನ್ನ ಅಲ್ಲಿ ಬಿಟ್ಟು ಬಂದೋನು ನೀನು," ಎಂದಳು ತಲೆ ಎತ್ತದೆ. "ಬಾಯಿ ಮುಚ್ಕಂಡು ನೆರಳು ಬೀಳದಂಗೆ ಪಕ್ಕಕ್ಕೆ ನಿಲ್ಲು."

ಶಿವಕುಮಾರ ಪಕ್ಕಕ್ಕೆ ಸರಿದ. ಹಾಗೆಂದದ್ದಕ್ಕೆ ಅವಳಿಗೆ ಆಗಲೇ ನಾಚಿಕೆಯಾಯಿತು. ಆದರೆ ಅದಕ್ಕೆ ಆಗ ಪುರುಸೊತ್ತಿರಲಿಲ್ಲ.

ಗಿಂಬಲ್ ಅನ್ನು ಮೈಗೆ ಜೋಡಿಸುವ ರಬ್ಬರ್ ಗುಬುಟುಗಳಲ್ಲಿ ಒಂದು ಕಿತ್ತು ಬಂದಿತ್ತು. ಜೇಬಿನಲ್ಲೇ ಉಳಿದಿದ್ದ ಕನ್ನಡಕದ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ತೂತಿನೊಳಕ್ಕೆ ಒತ್ತಿದಳು. ಮೊದಲ ಸಲ ಜಾರಿತು. ಎರಡನೇ ಸಲ ಸ್ಕ್ರೂಡ್ರೈವರೇ ಕೈತಪ್ಪಿ ಹುಲ್ಲಿಗೆ ಬಿತ್ತು. ಶಿವಕುಮಾರ ಎತ್ತಿ ಕೊಟ್ಟ. ಕೊನೆಗೂ ರಬ್ಬರ್ ಕೂತಿತು. ಆದರೂ ಕ್ಯಾಮೆರಾ ತಿರುಗಿಸಿದರೆ ಎಲ್ಲೋ ಕಚ್ಚುತ್ತಿತ್ತು. ಬಗ್ಗಿ ನೋಡಿದಳು: ಸಂದಿಯಲ್ಲಿ ಬೇವಿನ ಒಣಕಡ್ಡಿಯ ಚೂರು. ಉಗುರಿನಿಂದ ತೆಗೆದು, ಉಫ್ ಎಂದು ಊದಿ, ಸಮತಟ್ಟಾದ ಕಲ್ಲಿನ ಮೇಲಿಟ್ಟು ಚಾಲೂ ಮಾಡಿದಳು.

ಕ್ಯಾಮೆರಾ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ನೆಟ್ಟಗೆ ನಿಂತಿತು. ಉಪಗ್ರಹ ಸೊನ್ನೆ. ಆಮೇಲೆ ನಾಲ್ಕು. ಆಮೇಲೆ ಒಮ್ಮೆಲೇ ಏಳು. ಮೊದಲ ಸಲದ ಹುಡುಕಾಟ ಅದಕ್ಕಿನ್ನೂ ನೆನಪಿತ್ತು. ಹತ್ತಾದಾಗ ಹಸಿರು ದೀಪ ಹತ್ತಿತು. ಬುಷ್ರಾ ಬಿಸ್ಮಿಲ್ಲಾ ಎಂದು ಡ್ರೋನನ್ನು ಮೇಲಕ್ಕೆ ಬಿಟ್ಟಳು.

ಮೊದಲ ಗಡ್ಡೆಯಲ್ಲಿ ಜಾಲಿ ಬಿಟ್ಟರೆ ಬೇರೇನಿಲ್ಲ. ತಗ್ಗಿಸಿ ಮತ್ತೊಂದು ಸುತ್ತು ಹೊಡೆಸಿದಳು. ನಾಲ್ಕಾರು ಕೊಕ್ಕರೆ ಎದ್ದು ಹೋದವು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಎದುರುಗಾಳಿಗೆ ಬ್ಯಾಟರಿ ಅರ್ಧಕ್ಕಿಳಿದಿತ್ತು. ಆ ಗಡ್ಡೆಯೂ ಕರಗುತ್ತ ಬಂದಿತ್ತು. ಅಂಚಿನುದ್ದಕ್ಕೂ ನಿಧಾನವಾಗಿ ಹಾರಿಸಿದಳು.

"ಅಲ್ಲಿ," ಎಂದ ಶಿವಕುಮಾರ ಪಿಸುದನಿಯಲ್ಲಿ. "ಆ ಮರದ ಬುಡದಾಗೆ."

ಸೊಂಟದ ತನಕ ನೀರು. ಇಜಾಜ್ ಜಾಲಿಮರವನ್ನು ತಬ್ಬಿಕೊಂಡು ನಿಂತಿದ್ದ. ತಲೆ ವಾಲಿತ್ತು, ಮೈ ಅಲುಗುತ್ತಿರಲಿಲ್ಲ. ಬುಷ್ರಾ ಡ್ರೋನನ್ನು ಇಳಿಸಿದಳು, ಇನ್ನೂ ಇಳಿಸಿದಳು. ರೆಕ್ಕೆಗಳ ಸದ್ದಿಗೆ ಅವನು ಮುಖ ಎತ್ತಿದ.

"ಕೆಳಗಿನ ಗಡ್ಡೆ! ಆಚೆ ತುದಿ!" ಎಂದು ಶಿವಕುಮಾರ ಓಡಿದ. ದೋಣಿ ನೀರಿಗಿಳಿಯಿತು.

ಬ್ಯಾಟರಿ ಮುಗಿಯುತ್ತಿದೆ, ವಾಪಸು ಬರುತ್ತೇನೆ ಎಂದು ಯಂತ್ರ ಬಡಿದುಕೊಳ್ಳತೊಡಗಿತು. ಬುಷ್ರಾ ಬೇಡವೆಂದು ಒತ್ತಿದಳು. ದೋಣಿಯವರಿಗೆ ಜಾಲಿಯಲ್ಲಿ ದಾರಿ ತೋರಲು ಅದರ ದೀಪವೇ ಗುರುತು. ಮತ್ತೆ ಬಡಿದುಕೊಂಡಿತು, ಮತ್ತೆ ಒತ್ತಿದಳು. ದೋಣಿಯ ಕಿತ್ತಳೆ ಬಣ್ಣ ಪರದೆಯ ಅಂಚಿಗೆ ಬಂದಾಗ ಚಿತ್ರ ವಾಲಿತು, ಕೆಂಪು ನೀರು ಹತ್ತಿರ ಬಂತು, ಪರದೆ ಕಪ್ಪಾಯಿತು.

ಅಲ್ಲಿಂದಾಚೆ ಅವಳಿಗೆ ಏನೂ ಕಾಣಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಕಪ್ಪು ಪರದೆಯನ್ನು ಎದೆಗೊತ್ತಿಕೊಂಡು, ದೋಣಿಯ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಸದ್ದು ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಕೊನೆಗೆ ಶುರುವಾದಾಗ ಅವಳು ಎದ್ದು ದಂಡೆಯತ್ತ ಓಡಿದಳು.

ಇಜಾಜನನ್ನು ಇಬ್ಬರು ಹಿಡಿದು ದಂಡೆಗೆ ತಂದರು. ತುಟಿ ನೀಲಿಯಾಗಿತ್ತು, ತೋಳೆಲ್ಲ ಜಾಲಿಮುಳ್ಳು ಗೀರಿ ರಕ್ತ. ಶಿವಕುಮಾರ ತನ್ನ ಅಂಗಿ ಬಿಚ್ಚಿ ಅವನಿಗೆ ಹೊದಿಸಿ, ಸಣ್ಣ ಮಕ್ಕಳಂತೆ ಅಳುತ್ತಿದ್ದ.

"ಆಪಾ," ಎಂದ ಇಜಾಜ್ ಹಲ್ಲು ಕಟಕಟಿಸುತ್ತ, "ನಿನ್ನ ಡ್ರೋನ್ ಪಕ್ಕದಾಗೇ ಬಿತ್ತು. ಹಿಡಿಯಾಕೆ ಹೋದೆ, ಕೈಗೆ ಸಿಗ್ಲಿಲ್ಲ."

"ಮರ ಬಿಟ್ಟು ಕೈ ಚಾಚಿದ್ಯಾ?" ಬುಷ್ರಾ ಅವನ ಬೆನ್ನಿಗೆ ಗುದ್ದಿದಳು. "ಅದನ್ನ ಹಿಡಿಯಾಕೆ ಮರ ಬಿಟ್ಯಾ, ಹುಚ್ಚಾ?" ಇನ್ನೊಂದು ಗುದ್ದಲು ಎತ್ತಿದ ಕೈ ಅವನ ಕೊರಳನ್ನು ಬಳಸಿಕೊಂಡಿತು. ಆಂಬುಲೆನ್ಸಿನವರು ಬಂದು ಕರೆದರೂ ಬಿಡಲಿಲ್ಲ.