ಸೂರ್ಯನಿಗೆ ಬೆನ್ನು

ಜಯತೀರ್ಥ ಹೊಟ್ಟೆಪಾಡಿಗೆ ಏನು ಮಾಡುತ್ತಾನೆಂದು ಲಕ್ಷ್ಮೇಶ್ವರದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನ ತಾಯಿ ಸುಂದರಾಬಾಯಿಗಂತೂ ಇದೊಂದು ತಲೆನೋವು. ನೆರೆಮನೆಯ ಹುಲಗಪ್ಪ ಒಂದು ದಿನ ಕೇಳಿಯೇಬಿಟ್ಟ.

"ಬಾಯಾರ, ನಿಮ್ಮ ಮಗಾ ಧಾರವಾಡದಾಗ ಏನ್ ಮಾಡ್ತಾನ್ರಿ?"

"ವಿಜ್ಞಾನಿಗಳನ್ನ ನೋಡ್ತಾನ."

"ನೋಡಿ?"

"ನೋಡಿ ಬರೀತಾನ."

"ಅದಕ್ಕ ರೊಕ್ಕಾ ಬ್ಯಾರೆ ಕೊಡ್ತಾರ?"

ಹುಲಗಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ದನ ಕಾಯುವವರು, ಹೊಲ ಕಾಯುವವರು ಅವನಿಗೆ ಗೊತ್ತು. ವಿಜ್ಞಾನಿಗಳನ್ನು ಕಾಯುವ ನೌಕರಿಯನ್ನು ಅವನು ಕೇಳಿದ್ದು ಅದೇ ಮೊದಲು.

ಖರೆ ಹೇಳಬೇಕೆಂದರೆ ಕೆಲಸ ಅದೇ ಆಗಿತ್ತು. ಒಂದು ಸಂಗತಿ 'ಸತ್ಯ' ಅನ್ನಿಸಿಕೊಳ್ಳುವ ಮೊದಲು ವಿಜ್ಞಾನಿಗಳು ಹೇಗೆ ಜಗಳಾಡುತ್ತಾರೆ, ಯಾರು ಯಾರ ಮಾತು ನಂಬುತ್ತಾರೆ, ಯಾರು ಸೋತು ಸುಮ್ಮನಾಗುತ್ತಾರೆ ಎಂಬುದರ ಮೇಲೆ ಅವನ ಪಿಎಚ್‌ಡಿ. ಅವನ ಗೈಡು ಅಂಬುಬಾಯಿ ಮೇಡಂ ಬಹಳ ಖಡಕ್ ಹೆಂಗಸು.

"ಎಲ್ಲಾ ಸರಿ ಹೋದಾಗ ಅವರು ಪುಸ್ತಕದಾಂಗ ಮಾತಾಡ್ತಾರ. ಏನರೆ ತಪ್ಪಿದಾಗಷ್ಟ ಮನಷ್ಯಾರಾಂಗ ಮಾತಾಡ್ತಾರ. ನನಗ ಆ ಮಾತು ಬೇಕು. ಆದ್ರ ನೀ ಬಾಯಿ ಬಿಡಬಾರದು, ಕೈ ಹಾಕಬಾರದು. ತಿಳೀತಿಲ್ಲೊ?"

ತಿಳಿಯಿತು. ಆದರೆ ಎರಡು ವರ್ಷ ಪ್ರಯೋಗಾಲಯಗಳ ಮೂಲೆಯಲ್ಲಿ ಕೂತರೂ ಅವನ ಕಣ್ಣೆದುರು ಏನೂ ತಪ್ಪಲೊಲ್ಲದು. ಮಾರ್ಚಿಗೆ ಶಿಷ್ಯವೇತನ ಮುಗಿಯುತ್ತಿತ್ತು. ಅಷ್ಟರೊಳಗೆ ಆ ಒಂದು ಅಧ್ಯಾಯ ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರಬೇಕು, ಹುಲಗಪ್ಪನ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂಡಬೇಕು.

೧೯೮೦ರ ಫೆಬ್ರುವರಿಯಲ್ಲಿ ಖಗ್ರಾಸ ಸೂರ್ಯಗ್ರಹಣ ಬಂತು. ಹಮ್ಮಿಗಿ ಕಡೆಯವರೇ ಆದ ಖಗೋಳ ವಿಜ್ಞಾನಿ ನರಸಿಂಹರಾಯರು ತಮ್ಮ ತಂಡದೊಂದಿಗೆ ಹರ್ತಿಯ ಹತ್ತಿರ ಒಂದು ಹೊಲದಲ್ಲಿ ಠಿಕಾಣಿ ಹೂಡಿದರು. ಜಯತೀರ್ಥ ಕಾಡಿ ಬೇಡಿ ಅಲ್ಲಿ ಕೂಡಲು ಪರವಾನಗಿ ಪಡೆದ.

ಲಕ್ಷ್ಮೇಶ್ವರದ ಮನೆಯಿಂದ ಹೊರಡುವಾಗ ಸುಂದರಾಬಾಯಿ ಪಂಚಾಂಗ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತರು. "ಗ್ರಹಣ ಧನಿಷ್ಠಾದಾಗ ಅದ. ನಿಂದೂ ಧನಿಷ್ಠಾ. ಸೂರ್ಯನ ಕಡೆ ನೋಡಿದ್ಯೋ, ನನ್ನ ಆಣಿ ಅದ."

"ನಾ ಸೂರ್ಯನ್ನ ಯಾಕ ನೋಡಲವ್ವಾ? ನನ್ನ ಕೆಲಸ ಇರೂದು ವಿಜ್ಞಾನಿಗಳನ್ನ ನೋಡೂದು," ಎಂದು ಅವನು ನಗುನಗುತ್ತ ಮಾತು ಕೊಟ್ಟ.

ಹೊಲದಲ್ಲಿ ತಂಡದವರೆಲ್ಲ ತಮ್ಮ ತಮ್ಮ ಉಪಕರಣಗಳ ಹಿಂದೆ, ಪಡುವಣಕ್ಕೆ ಮುಖ ಮಾಡಿ ನಿಂತರು. ಜಯತೀರ್ಥ ಅವರ ಎದುರಿಗೆ ತಗ್ಗಿನ ಸ್ಟೂಲು ಹಾಕಿಕೊಂಡು, ಸೂರ್ಯನಿಗೆ ಬೆನ್ನು ಕೊಟ್ಟು ಕೂತ. ರಾಯರ ದೊಡ್ಡ ಕ್ಯಾಮರಾದ ಮುಂದೆ ಕೆಂಪು ಮುಚ್ಚಳವಿತ್ತು. ಸೂರ್ಯ ಪೂರ್ತಿ ಮುಚ್ಚಿದ ಗಳಿಗೆಯಲ್ಲಿ ಅದನ್ನು ತೆಗೆಯಬೇಕು. ವಾರದಿಂದ ರಾಯರು ಅದನ್ನೇ ತಾಲೀಮು ಮಾಡಿದ್ದರು.

ಬೆಳಕು ಕಂದಿತು. ಗಾಳಿ ತಣ್ಣಗಾಯಿತು. ಒಮ್ಮೆಲೇ ಕತ್ತಲು ಕವಿಯಿತು, ಊರ ಕಡೆಯಿಂದ ಹೋ ಎಂದು ಕೂಗು ಕೇಳಿತು. ಜಯತೀರ್ಥನ ಕುತ್ತಿಗೆ ತಾನಾಗಿಯೇ ತಿರುಗಹತ್ತಿತ್ತು. ತಾಯಿಯ ಮುಖ ನೆನೆದು ಗಟ್ಟಿಯಾಗಿ ಕೂತ. ಎದುರಿಗೆ ನರಸಿಂಹರಾಯರು ಸಣ್ಣ ಹುಡುಗನ ಹಾಗೆ ಬಾಯಿ ತೆರೆದು ಮೇಲೆ ನೋಡುತ್ತಿದ್ದರು, ಕೆನ್ನೆ ಮೇಲೆ ನೀರು. ಅವರ ಸಹಾಯಕ ಹಿಂದಿನಿಂದ ಪಟಪಟನೆ ಫೋಟೋ ಪ್ಲೇಟು ಬದಲಿಸುತ್ತಿದ್ದ. ಕೆಂಪು ಮುಚ್ಚಳ ಇದ್ದಲ್ಲೇ ಇತ್ತು.

ಕ್ಯಾಮರಾದ ಮುಂಭಾಗ ಕಾಣುತ್ತಿದ್ದದ್ದು ಅಲ್ಲಿ ಅವನೊಬ್ಬನಿಗೇ.

ಸಿಕ್ಕಿತು! ಎರಡು ವರ್ಷ ಕಾದ ತಪ್ಪು ಕೈಗೆ ಸಿಕ್ಕಿತು. ಇನ್ನೊಂದು ನಿಮಿಷ ತೆಪ್ಪಗೆ ಕೂತರೆ ಸಾಕು, ಅಧ್ಯಾಯ ತಾನೇ ಬರೆದುಕೊಳ್ಳುತ್ತದೆ. ಅವನಿಗೆ ಖುಷಿಯಾಯಿತು; ಖುಷಿಯಾದದ್ದಕ್ಕೆ ಮರುಗಳಿಗೆಯೇ ನಾಚಿಕೆಯಾಯಿತು. ರಾಯರ ಆ ಒದ್ದೆ ಮುಖ ನೋಡಿ ತಡೆಯಲಾಗಲಿಲ್ಲ. ಎದ್ದು, ಸೂರ್ಯನ ಕಡೆ ತಿರುಗದೆ, ಕೈ ಚಾಚಿ ಮುಚ್ಚಳ ಕಿತ್ತುಕೊಂಡು ಪಕ್ಕಕ್ಕೆ ಸರಿದ.

ಬೆಳಕು ಮರಳಿದಾಗ ರಾಯರು ಕ್ಯಾಮರಾ ನೋಡಿದರು, ಆಮೇಲೆ ಅವನ ಕೈಯಲ್ಲಿದ್ದ ಮುಚ್ಚಳ ನೋಡಿದರು. ಕೆನ್ನೆ ಒರೆಸಿಕೊಂಡು ಕೇಳಿದರು.

"ಇದನ್ನ ಬರೀತೀರೇನ್ರಿ?"

"ಬರೀಬೇಕಾಗ್ತದ್ರಿ."

"ಬರೀರಿ. ಆದ್ರ ನೀವು ತಗದದ್ದೂ ಬರೀರಿ."

ಬರೆದ. ಅಂಬುಬಾಯಿ ಮೇಡಂ ಓದುವಾಗ ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಕೈ ಹಾಕಬ್ಯಾಡಂತ ಹೇಳಿದ್ದೆ."

"ಹೌದ್ರಿ ಮೇಡಂ."

"ಹಿಂದಿನ ಅಧ್ಯಾಯ ಎಲ್ಲಾ ಕಲ್ಲಿನ ಗ್ವಾಡಿ ಬರದಾಂಗ ಅವ. ಅಲ್ಲಿ ನೀನೂ ಒಬ್ಬ ಮನಷ್ಯಾ ಕೂತಿದ್ದೀ ಅನ್ನೂದು ಇದರಾಗಷ್ಟ ಕಾಣ್ತದ." ಹಾಳೆಗಳನ್ನು ಟಪ್ಪೆಂದು ಮೇಜಿನ ಮೇಲೆ ಹಾಕಿದರು. "ಇದನ್ನಿಡು. ಉಳಿದದ್ದು ಮೊದಲಿಂದ ಬರಿ. ಶಿಷ್ಯವೇತನ ಇನ್ನೊಂದು ವರ್ಷ ಕೊಡಸ್ತೀನಿ."

ಆ ಒಂದು ವರ್ಷ ಮೂರಾಯಿತೆನ್ನುವುದು ಬೇರೆ ಮಾತು. ಕೊನೆಗೂ ಡಾಕ್ಟರ್ ಜಯತೀರ್ಥ ಎನಿಸಿಕೊಂಡು ಗದಗಿನ ಕಾಲೇಜೊಂದರಲ್ಲಿ ಮೇಷ್ಟ್ರಾದ. ಸುದ್ದಿ ಕೇಳಿ ನರಸಿಂಹರಾಯರು ಲಕ್ಷ್ಮೇಶ್ವರದ ಮನೆಗೆ ಒಂದು ದೊಡ್ಡ ಫೋಟೋ ಕಳಿಸಿದರು. ಅಂದಿನ ಗ್ರಹಣದ್ದು. ಜಯತೀರ್ಥ ಅದನ್ನು ಲಕೋಟೆಯಿಂದ ಅರ್ಧ ಎಳೆದು ಮತ್ತೆ ಒಳಗೆ ತಳ್ಳಿದ. ಪೇಪರಿನಲ್ಲಿ ಬಂದ ಗ್ರಹಣದ ಚಿತ್ರಗಳನ್ನೂ ಅವನು ಇಷ್ಟು ವರ್ಷ ಮಡಚಿ ಇಟ್ಟವನೇ. ಹುಚ್ಚು ಅನ್ನಿ ಬೇಕಾದರೆ, ಆಣೆ ಅಂದರೆ ಆಣೆ.

ಸುಂದರಾಬಾಯಿ ಚಾಳೀಸು ಮೂಗಿಗೇರಿಸಿಕೊಂಡು ಲಕೋಟೆ ಕಸಿದುಕೊಂಡರು. ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಲೇ ನಿಂತರು.

"ಇದನ್ನ ನೀ ಹೊಡದಿದ್ದೇನು?"

"ಇಲ್ಲವ್ವಾ. ನಾ ಬರೇ ಮುಚ್ಚಳಾ ತಗದೆ."

"ತಗೊ, ಆಣಿ ಬಿಟ್ಟೀನಿ. ನೋಡು."

ನೋಡಿದ. ಕರೀ ಬಿಲ್ಲೆಯ ಸುತ್ತ ಬಿಳಿ ರೇಷ್ಮೆಯಂಥ ಬೆಳಕು ಹರಡಿತ್ತು. ಇದು ತನ್ನ ಬೆನ್ನ ಹಿಂದೆಯೇ ಇತ್ತಲ್ಲ ಎಂದುಕೊಂಡು ಅವನು ಫೋಟೋವನ್ನು ಇನ್ನಷ್ಟು ಹತ್ತಿರ ಹಿಡಿದ.

"ಇಷ್ಟ ಚಂದ ಇರ್ತದಂತ ನನಗೇನ್ ಗೊತ್ತಿತ್ತೋ," ಅಂದರು ಸುಂದರಾಬಾಯಿ, ಸೆರಗಿನಿಂದ ಚಾಳೀಸು ಒರೆಸಿಕೊಳ್ಳುತ್ತ. "ಗೊತ್ತಿದ್ರ ನಾನೂ ಬಂದು, ನಿನ್ನನ್ನ ಆ ಕಡೆ ತಿರುಗಿಸಿ ಕೂಡಸ್ತಿದ್ದೆ."