ಹಿಡಿಕೆಯ ಮೇಲಿನ ಕುಂಕುಮ

ಕಿರ್.

ಮನೆಯ ದೀಪಗಳೆಲ್ಲ ಆರಿದ ಮೇಲೆ, ರಾತ್ರಿ ಹನ್ನೊಂದರ ಸುಮಾರಿಗೆ ಈ ಸಣ್ಣ ಸದ್ದು ಕೇಳುತ್ತಿತ್ತು. ನನ್ನ ಪಕ್ಕದ ಹಳದಿ ಹಿಡಿಕೆಯನ್ನು ಶಾಂಭವಿ ಅಡ್ಡ ತಿರುಗಿಸಿದ ಸದ್ದು. ಆಮೇಲೆ ಅವಳ ಕಿವಿ ನನ್ನ ಹೊಟ್ಟೆಗೆ ತಾಗುತ್ತಿತ್ತು. ನಾನು ಉಸಿರಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವಳಿಗೆ ನಿದ್ದೆ.

ನಾನು ಒಂದು ಗ್ಯಾಸ್ ಮೀಟರ್; ಪೈಪಿನಲ್ಲಿ ಮನೆಗೆ ಬರುವ ಗ್ಯಾಸನ್ನು ಅಳೆಯುವುದು ನನ್ನ ಕೆಲಸ. ಯಾವುದೋ ದೂರದ ಕಾರ್ಖಾನೆಯಲ್ಲಿ ತಗಡು ಒತ್ತಿ ನನ್ನ ಮೈ ಮಾಡಿದರು. ಒಳಗೆ ತೆಳುವಾದ ಎರಡು ಪೊರೆ ಕೂರಿಸಿದರು. ಗ್ಯಾಸು ಹರಿದಾಗ ಅವು ಎದೆಯಂತೆ ಉಬ್ಬಿ ಇಳಿಯುತ್ತವೆ, ಮುಖದ ಮೇಲಿನ ಅಂಕಿಗಳು ಮುಂದೆ ಸರಿಯುತ್ತವೆ. ಪಕ್ಕದ ಹಿಡಿಕೆ ಅಡ್ಡವಾದರೆ ಗ್ಯಾಸೂ ನಿಲ್ಲುತ್ತದೆ, ಅವೂ ನಿಲ್ಲುತ್ತವೆ. ಕಪ್ಪು ಅಂಕಿಗಳು ಸೋಮಾರಿಗಳು. ಕೊನೆಯ ಕೆಂಪು ಅಂಕಿ ಮಾತ್ರ ಬಲು ಚುರುಕು. ಎಲ್ಲವನ್ನೂ ನೋಡುವ ಗಾಜಿನ ಮುಖ ಕೊಟ್ಟರು. ಕೂಗಲು ಬಾಯಿ ಕೊಡಲಿಲ್ಲ.

ಧಾರವಾಡದ ಈ ಮನೆಗೆ ಬಂದಾಗ ನನ್ನನ್ನು ಅಡಿಗೆಮನೆಯ ಬಾಗಿಲ ಹಿಂದೆ ಕೂರಿಸಿದರು. ಆರು ವರ್ಷ ನಾನು ಕಂಡ ಪ್ರಪಂಚವೆಂದರೆ ಒಂದು ಬಾಗಿಲಿನ ಬೆನ್ನು, ಅದರ ಮೊಳೆಗೆ ತೂಗುವ ಎರಡು ಕೈಚೀಲ. ಹೀಗಿರುವಾಗ ಒಂದು ದಿನ ಶಾಂಭವಿಯ ಅತ್ತೆ ನೀಲಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಡಿಗಿಮನಿ ಹೊಸದು ಮಾಡ್ತೀವಿ ಅಂದ ಮ್ಯಾಲೆ ಒಲಿ ಆಗ್ನೇಯಕ್ಕ ಹೋಗಬೇಕು. ಈ ಡಬ್ಬೀನೂ ಅದರ ಕೂಡ ಹೋಗಲಿ," ಅಂದುಬಿಟ್ಟರು.

ಹೋಗಲಿ! ಆ ಒಂದು ಮಾತಿಗೆ ನನ್ನ ಪೊರೆಗಳು ಝಲ್ಲೆಂದವು. ಗೋಡೆಗೆ ಮೊಳೆ ಹೊಡೆಸಿಕೊಂಡು ಹುಟ್ಟಿದವರಿಗೆ ಪ್ರಯಾಣದ ಯೋಗ ಎಲ್ಲಿಂದ ಬರಬೇಕು? ಮರುದಿನದಿಂದಲೇ ಸುತ್ತಿಗೆ ಸದ್ದು, ಸಿಮೆಂಟಿನ ಧೂಳು, ಹೊಸ ಟೈಲ್ಸಿನ ಹೊಳಪು. ಯಾವಾಗ ನನ್ನ ಸರದಿ ಎಂದು ಕಾದೆ.

ಬಡಿಗ ಮೌನೇಶನಿಗೂ ಕಾಯುವ ತಾಳ್ಮೆ ಇರಲಿಲ್ಲ. ಪಾನಾ ಹಿಡಿದು ಬಂದ. "ಎರಡು ನಟ್ ಬಿಚ್ಚಿದ್ರ ಆತ್ರಿ ಅಕ್ಕಾರ. ನಾನ ಸರಸತೀನಿ."

ಶಾಂಭವಿ ನನ್ನ ಮುಂದೆ ಎರಡೂ ಕೈ ಚಾಚಿ ನಿಂತಳು. "ಮುಟ್ಟಬ್ಯಾಡ ಮೌನೇಶ. ಆಫೀಸಿಗೆ ಅರ್ಜಿ ಕೊಟ್ಟೀನಿ, ಗ್ಯಾಸಿನವರ ಬರಬೇಕು."

"ಅಯ್ಯ, ನಾ ಮೂವತ್ತು ವರ್ಷ ಸೀಮಿಎಣ್ಣಿ ಸ್ಟೋವಿಗೆ ಪಂಪ್ ಹೊಡದಾಕಿ," ನೀಲಗಂಗವ್ವ ನಕ್ಕರು. "ಒಂದು ಬೊಬ್ಬಿ ಎದ್ದಿಲ್ಲ. ನೀ ಬಿ.ಎಸ್ಸಿ. ಓದಿ ಬರೇ ಅಂಜೂದು ಕಲತಿ ನೋಡು."

"ಅಂಜಿಕಿ ಅಲ್ಲ ಅತ್ತಿ. ವಾಸನಿ ಬಂತಂದ್ರ ಮೊದಲು ದೀಪ ದೂರ, ಆಮ್ಯಾಲೆ ಹಿಡಿಕಿ ಅಡ್ಡ, ಆಮ್ಯಾಲೆ ಕಿಡಕಿ. ಸ್ವಿಚ್ ಮುಟ್ಟಬಾರದು. ನೀವೂ ಒಮ್ಮೆ ಹಿಡಿಕಿ ತಿರುವಿ ನೋಡ್ರಿ."

"ನನ್ನ ಕೈಗೆ ಬ್ಯಾರೆ ಕೆಲಸ ಇಲ್ಲೇನು? ದೀಪ ದೂರ, ಹಿಡಿಕಿ ಅಡ್ಡ... ಸಾಲಿ ಹುಡುಗರಿಗೆ ಮಗ್ಗಿ ಹೇಳಿಕೊಟ್ಟಂಗ!"

ನಾಲ್ಕನೇ ದಿನ ಗ್ಯಾಸಿನ ಮೆಕ್ಯಾನಿಕ್ ದಾದಾಪೀರ್ ಬಂದ. ಪೈಪ್ ಬಿಚ್ಚಿ ನನ್ನನ್ನು ಎರಡು ಕೈಯಲ್ಲಿ ಎತ್ತಿದ. ಅಬ್ಬಾ, ಆ ಹತ್ತು ಹೆಜ್ಜೆ! ಪಡಸಾಲೆಯ ಜೋಕಾಲಿ ಕಂಡೆ. ಅಕ್ಕಿ ಚೀಲದ ಮೇಲೆ ಮಲಗಿದ್ದ ಬೆಕ್ಕು ಕಂಡೆ. ಹೊಸ ಜಾಗ ಕಿಟಕಿಯ ಪಕ್ಕದಲ್ಲೇ, ಒಲೆಗೆ ಎದುರಾಗಿ. ಹೊರಗೆ ನುಗ್ಗೆಗಿಡ, ಅದರಾಚೆ ನಿಜವಾದ ಆಕಾಶ. ಕೀಲುಗಳಿಗೆಲ್ಲ ಸೋಪಿನ ನೀರು ಬಳಿದು ದಾದಾಪೀರ್ ಬಗ್ಗಿ ನೋಡಿದ. ಒಂದೂ ಗುಳ್ಳೆ ಏಳಲಿಲ್ಲ. ಶಾಂಭವಿ ಎರಡನೇ ಸಲ ಬಳಿಸಿದಳು. ಆಗಲೂ ಏಳಲಿಲ್ಲ.

ಆದರೆ ನನಗಾಗಿ ಒಂದು ಪೆಟ್ಟಿಗೆ ಆಗಲೇ ಗೋಡೆಗೆ ಒರಗಿ ನಿಂತಿತ್ತು. ಕಪಾಟುಗಳದೇ ಬಣ್ಣ, ಗಟ್ಟಿ ಬಾಗಿಲು, ಚಿಲಕ. ನೀಲಗಂಗವ್ವ ಹೇಳಿ ಮಾಡಿಸಿದ್ದು.

ದಾದಾಪೀರ್ ತಲೆಯಾಡಿಸಿದ. "ಅಮ್ಮಾರ, ಇದಕ್ಕ ಗಾಳಿ ಬೇಕು. ಕಣ್ಣಿಗೂ ಕಾಣಬೇಕು, ಕೈಗೂ ಸಿಗಬೇಕು. ಪೆಟ್ಟಿಗಿ ಹಾಕಬ್ಯಾಡ್ರಿ."

"ಇಷ್ಟು ಚಂದ ಅಡಿಗಿಮನಿ ಮಾಡಿ, ಅದರ ಮಾರಿ ಮ್ಯಾಲೆ ಡಬ್ಬಿ ಜೋತು ಬಿಟ್ರ ಮಂದಿ ಏನಂದಾರು?" ಅವನು ಹೋದ ಮೇಲೆ ಅವರು ಸೊಸೆಗೆ ಹೇಳಿದರು: "ನಾಡಿದ್ದ ಹಾಲು ಉಕ್ಕಿಸೂದು ಆಗಲಿ. ಮರದಿನ ಮುಂಜಾನೆ ಪೆಟ್ಟಿಗಿ ಹಚ್ಚಸತೀನಿ. ಈ ಮಾತಿಗೆ ಎದರು ಆಡಬ್ಯಾಡ."

ಶಾಂಭವಿ ನನ್ನ ಗಾಜನ್ನು ಒರೆಸುತ್ತ ನಿಂತಳು. ನನಗೆ ಎರಡು ದಿನದ ಆಕಾಶ ಉಳಿದಿತ್ತು.

ಹಾಲು ಉಕ್ಕಿಸುವ ಮುಂಜಾನೆ ಮನೆ ತುಂಬ ಓಣಿಯ ಹೆಂಗಸರು. ಗಾಳಿಗೆ ಉರಿ ಓಲಾಡುತ್ತದೆಂದು ಶಾಂಭವಿಯೇ ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಹಾಲು ಕೆನೆಗಟ್ಟಿತು, ನಡುಗಿತು, ಮೇಲೆದ್ದಿತು.

"ಉಕ್ಕಲಿ, ಇನ್ನೂ ಉಕ್ಕಲಿ!" ನೀಲಗಂಗವ್ವ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. "ಮೂಡಲಕ್ಕ ಉಕ್ಕೈತಿ ನೋಡ್ರೇ! ಶಾಂಭವಿ, ನೀ ಹೋಗಿ ಎಲಿ ಹಾಕು. ಒಲಿ ನಾ ಆರಸತೀನಿ."

ಶಾಂಭವಿ ಹೋದಳು. ಉಕ್ಕಿದ ಹಾಲು ಬರ್ನರಿನ ಮೇಲೆ ಸುರಿದು ಚುಂಯ್ ಎಂದಿತು. ಉರಿ ನಂದಿತು. ನೀಲಗಂಗವ್ವ ಪಾತ್ರೆ ಇಳಿಸಿದರು, ಒಲೆ ನೋಡಿದರು, ಉರಿ ಇಲ್ಲ. ಆರಿದೆ ಎಂದುಕೊಂಡು, ಹಾಲು ಹಂಚಲು ಎಲ್ಲರನ್ನೂ ಕರೆದುಕೊಂಡು ಪಡಸಾಲೆಗೆ ನಡೆದರು.

ಒಲೆಯ ಗುಂಡಿ ತೆರೆದೇ ಇತ್ತು.

ನನ್ನ ಎದೆ ಉಬ್ಬಿತು, ಇಳಿಯಿತು, ಉಬ್ಬಿತು. ಕೆಂಪು ಅಂಕಿ ಓಡುತ್ತಲೇ ಇತ್ತು. ಖಾಲಿ ಅಡಿಗೆಮನೆ, ಮುಚ್ಚಿದ ಕಿಟಕಿ, ಉರಿಯಿಲ್ಲದ ಒಲೆ, ಮತ್ತು ನಾನು. ಯಾರಾದರೂ ಬನ್ನಿ! ಇತ್ತ ನೋಡಿ! ಅಂಕಿಯನ್ನು ಇನ್ನೂ ಜೋರಾಗಿ ತಿರುಗಿಸಿಯಾದರೂ ಕೂಗಬೇಕೆನಿಸಿತು. ಆದರೆ ಹರಿದಷ್ಟೇ ಎಣಿಸಬೇಕು. ಭಯಕ್ಕೆ ಅಂಕಿ ಇಲ್ಲ.

ಆಗ ಹೆಜ್ಜೆ ಸಪ್ಪಳ. ನೀಲಗಂಗವ್ವ ಬರುತ್ತಿದ್ದರು. ಹೊಸ ಒಲೆಗೆ ಬೆಳಗಲು ಅವರ ಕೈಯಲ್ಲಿ ಆರತಿ ತಟ್ಟೆ, ಅದರಲ್ಲಿ ಕುಂಕುಮ, ಉರಿಯುವ ಎರಡು ಬತ್ತಿ.

ಹೊಸ್ತಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಅವರ ಮೂಗು ಅರಳಿತು. ಕಾಲು ನಿಂತಿತು. ಕಣ್ಣು ಒಲೆಯಿಂದ ನನ್ನತ್ತ ಬಂತು. ಓಡುವ ಕೆಂಪು ಅಂಕಿಯ ಮೇಲೆ ನಿಂತಿತು.

ಆರತಿಯನ್ನು ಊದಿ ಆರಿಸಬಾರದೆಂದು ಇಡೀ ಓಣಿಗೆ ಹೇಳಿಕೊಟ್ಟವರು ಅವರು. ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಒಂದೇ ಉಸಿರಿಗೆ ಊದಿದರು. ಉಫ್.

"ದೀಪ ದೂರ..." ಎನ್ನುತ್ತ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಬಂದರು. "ಹಿಡಿಕಿ ಅಡ್ಡ..." ಎಂದೂ ಮುಟ್ಟದ ಹಿಡಿಕೆಗೆ ಕೈ ಹಾಕಿದರು. ಕಿರ್. ನನ್ನ ಎದೆ ನಿಂತಿತು. "ಕಿಡಕಿ..." ಚಿಲಕ ತೆಗೆದು ಎರಡೂ ಬಾಗಿಲು ತಳ್ಳಿದರು. ನುಗ್ಗೆಗಿಡದ ಗಾಳಿ ಒಳನುಗ್ಗಿತು. ಆಮೇಲೆ ಒಲೆಯ ಗುಂಡಿ ತಿರುಗಿಸಿ, ಬಾಗಿಲಿಗೆ ಅಡ್ಡಲಾಗಿ ನಿಂತರು.

ಪಡಸಾಲೆಯಿಂದ ಯಾರೋ ಕೇಳಿದರು: "ಆರತಿ ಆತೇನ್ರೀ?"

"ಆತು, ಆತು. ಯಾರೂ ಒಳಗ ಬರಬ್ಯಾಡ್ರಿ, ನೆಲಾ ಒರಸಬೇಕು!"

ಆ ರಾತ್ರಿ ಶಾಂಭವಿ ಬಂದಾಗ ಹಿಡಿಕೆ ಆಗಲೇ ಅಡ್ಡ ಇತ್ತು. ಅಂದಿನ ಊಟ, ಚಹಾ ಎಲ್ಲ ಖಾನಾವಳಿಯಿಂದ ಬಂದಿದ್ದವು. ಒಂದು ಪಾತ್ರೆ ಹಾಲಿಗೆ ನನ್ನ ಅಂಕಿಗಳು ಅಷ್ಟು ದೂರ ಓಡಿದ್ದನ್ನು ಅವಳು ಎರಡು ಸಲ ಓದಿದಳು. ತಾನೇ ಚಿಲಕ ಹಾಕಿದ ಕಿಟಕಿಯನ್ನು ನೋಡಿದಳು, ಅದು ತೆರೆದಿತ್ತು. ಕೊನೆಗೆ ಹಿಡಿಕೆಯನ್ನು ನೋಡಿದಳು. ಹಳದಿಯ ಮೇಲೆ ಮೂರು ಬೆರಳಿನ ಕುಂಕುಮ.

"ನಾನ ಮುಚ್ಚೀನಿ," ಕತ್ತಲಿಂದ ಅತ್ತೆಯ ದನಿ. "ಇನ್ನ ದಿನಾ ನಾನ ಮುಚ್ಚತೀನಿ. ಮತ್ತ... ಆ ಪೆಟ್ಟಿಗಿ ಹಚ್ಚೂದು ಬ್ಯಾಡಂತ ಮೌನೇಶಗ ಹೇಳು. ನನ್ನ ಗುಳಿಗಿ ಇಡಾಕ ಬೇಕು ಅದು."

"ಹೂಂ ಅತ್ತಿ," ಅಂದಳು ಶಾಂಭವಿ. ಕುಂಕುಮ ಒರೆಸಲು ಎತ್ತಿದ ಸೆರಗನ್ನು ಕೆಳಗೆ ಬಿಟ್ಟಳು.

ಅಂದಿನಿಂದ ರಾತ್ರಿಯ ಕಿರ್ ನೀಲಗಂಗವ್ವನದು. ಅವರು ಮಲಗಿದ ಮೇಲೆ ಕಿವಿಯೊಂದು ಬಂದು ತಾಗುವುದು ಮಾತ್ರ ತಪ್ಪಲಿಲ್ಲ. ಹತ್ತು ವರ್ಷ ಆಕಾಶ ನೋಡಿದೆ. ನುಗ್ಗೆಗಿಡ ಎರಡು ಸಲ ಮುರಿದು ಎರಡು ಸಲ ಚಿಗುರಿತು. ನನ್ನ ಗಾಜು ಮಬ್ಬಾಯಿತು, ಪೊರೆ ಬಿರುಸಾಯಿತು. ಇವತ್ತು ದಾದಾಪೀರ್ ಹೊಸ ಮೀಟರಿನೊಂದಿಗೆ ಬಂದಿದ್ದಾನೆ. ನನ್ನನ್ನು ಬಿಚ್ಚಿ ಚೀಲಕ್ಕೆ ಇಳಿಸಿದ್ದಾನೆ. ಗುಜರಿಯ ದಾರಿಯಾದರೂ ಪ್ರಯಾಣ ಪ್ರಯಾಣವೇ; ಎದೆ ಮತ್ತೆ ಝಲ್ಲೆನ್ನುತ್ತಿದೆ. ಬಾಯಿಲ್ಲದೆಯೂ ಒಮ್ಮೆ ನನ್ನ ಕೂಗು ಕೇಳಿಸಿತ್ತಲ್ಲ, ಸಾಕು.

ಚೀಲದ ಬಾಯಿಂದ ಕೊನೆಯ ಸಲ ನೋಡುತ್ತಿದ್ದೇನೆ. ದಾದಾಪೀರ್ ಹಿಡಿಕೆಯ ಗೀರುಗಳಲ್ಲಿ ಉಗುರಾಡಿಸಿ ಕೇಳುತ್ತಾನೆ: "ಅಕ್ಕಾರ, ಇದೇನ್ರಿ ಕೆಂಪಗ?"

ಕುರ್ಚಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ನೀಲಗಂಗವ್ವನ ಕೈ ನಿಲ್ಲುತ್ತದೆ.

ಶಾಂಭವಿ ಅತ್ತೆಯತ್ತ ತಿರುಗುವುದಿಲ್ಲ. ಹಿಡಿಕೆಯನ್ನೇ ನೋಡುತ್ತ ಹೇಳುತ್ತಾಳೆ:

"ಬಣ್ಣ ಹೊಡಿಯುವಾಗ ಹತ್ತಿರಬೇಕು. ಇರಲಿ ಬಿಡು."