ಒಂದು ಕಾಲಚೀಲದ ಕೂಸು

ನಂದಾ ಮತ್ತ ನಕ್ಕಳು. ಅಡಗಿಮನಿ ಬಾಗಲಾಗ ಗ್ವಾಡಿಗೆ ಬೆನ್ನ ಹಚ್ಚಿ ಕೂತು, ಮೊಬೈಲ ಮೊಣಕಾಲ ಮ್ಯಾಲ ನಿಲ್ಲಿಸಿಕೊಂಡು, ಖುಲ್ಲಾ ದನಿ ತಗದು ನಕ್ಕಳು. ಪಡಸಾಲ್ಯಾಗ ಗಿರಾಕಿ ತೊಟ್ಟಿಲದ ಕಾಲಿಗೆ ಅರಗಿನ ಬಣ್ಣ ಹಚ್ಚಿ, ಹೊಳಪ ಬರಲಿ ಅಂತ ಕೇದಗಿ ಗರಿಲೆ ತಿಕ್ಕತಿದ್ದ ಅಕಿ ಗಂಡ ಸಂಗನಬಸವನ ಕೈ ಅಲ್ಲೇ ನಿಂತಿತು. ಕೂಸು ಹೋಗಿ ಇವತ್ತಿಗೆ ನಲವತ್ತೊಂದ ದಿನ. ಇಷ್ಟ ದಿನದಾಗ ಈ ಹೆಣ್ಮಗಳು ಒಂದ ಹನಿ ಕಣ್ಣೀರ ಹಾಕಿಲ್ಲ. ಬರೇ ನಗತಾಳ.

ನೋಡೂದರೆ ಏನಂತೀರಿ? ಜಪಾನಿನವರು ಮಾಡಿದ ಕಾರ್ಟೂನು, ಹಿಂದ್ಯಾಗ ಮಾತಾಡೂವಂಥಾದ್ದು. ಸತ್ತ ಮಂದಿ ಎದ್ದು ಊರ ತುಂಬ ಅಡ್ಡಾಡೂ ಕತಿ. ಜಾಂಬಿ ಅಂತಾರಂತ ಅವಕ್ಕ. ಅದರಾಗ ಒಬ್ಬ ಪೋಸ್ಟಮನ್ನು, ಒಬ್ಬ ಕಟಿಂಗ ಅಂಗಡಿಯವ. ಜಗತ್ತ ಮುಳುಗಿ ಹೋಗೇತಿ, ಇನ್ನ ಕೆಲಸಿಲ್ಲ ಬೊಗಸಿಲ್ಲ, ಸಾಹೇಬನ ಕಾಟಿಲ್ಲ ಅಂತ ಇಬ್ಬರೂ ಖುಷೀಲೆ ಟಪಾಲ ಗಾಡಿ ತಗೊಂಡು ಊರೂರು ತಿರಗತಾರ. ದಾರ್‍ಯಾಗ ಸಿಕ್ಕ ಹೆಣಕ್ಕೆಲ್ಲಾ ಆ ಕಟಿಂಗಿನವ ಕೂದಲಾ ಕತ್ತರಸತಾನ. ಹೆಣ ಕನ್ನಡಿ ನೋಡಿ ಖುಷಿಯಾಗಿ ಗೋಣ ಹಾಕೂದ್ರಾಗ ಅದರ ಕಿವಿ ಕಳಚಿ ಬೀಳತೈತಿ. ಇಂಥಾ ಹಾಸ್ಯ. ಮಣ್ಣಾಗಲಿ ಅದರ ಹಾಸ್ಯ!

ಖರೇ ಹೇಳಬೇಕಂದ್ರ ಅದನ್ನ ಮನಿಯೊಳಗ ತಂದಾವನೂ ಇವನ. ನಂದಾಗ ಐದ ತಿಂಗಳ ತುಂಬಿದಾಗ ಡಾಕ್ಟರು ಎದ್ದಾಡಬ್ಯಾಡ ಅಂದಿದ್ರು. ದಿನಾ ಬಿದ್ದಕೊಂಡು ಬ್ಯಾಸರಾಗತೈತಿ ಅಂತ ಅಕಿ ಮಾರಿ ಸಣ್ಣದ ಮಾಡಿದಾಗ ಸಂಗನಬಸವ ಮೊಬೈಲದಾಗ ಹುಡುಕಿ ಹಚ್ಚಿಕೊಟ್ಟಿದ್ದ. ಆಮ್ಯಾಲ ದಿನಾ ಮಧ್ಯಾಹ್ನ ಊಟಾದ ಕೂಡ್ಲೆ ಗಂಡ ಹೆಂಡತಿ ಬಾಜೂಕ ಬಾಜೂಕ ಕೂತು ನೋಡೂದು, ಹೊಟ್ಟಿ ಹಿಡಕೊಂಡು ನಗೂದು. ಅದರಾಗ ಒಂದ ಸಣ್ಣ ಹೆಣ್ಣ ಜಾಂಬಿ ಇತ್ತು. ಒಂದ ಕಾಲಾಗ ಕಾಲಚೀಲ, ಇನ್ನೊಂದ ಕಾಲ ಬರಿಗಾಲು. ಹಲ್ಲಿಲ್ಲದ ಬಾಯಿಲೆ ಗಾಡಿ ಟಾಯರ ಕಡೀಲಿಕ್ಕೆ ಬರತಿತ್ತು. ಅದು ಬಂತಂದ್ರ ಸಾಕು, ನಂದಾ ನಕ್ಕೋತ ಅವನ ಕೈ ಜಗ್ಗಿ ತನ್ನ ಹೊಟ್ಟಿ ಮ್ಯಾಲ ಇಟಗೋತಿದ್ದಳು. "ನೋಡ್ರಿ, ನೋಡ್ರಿ, ನಾ ನಕ್ಕಾಗೊಮ್ಮೆ ಒದೀತೈತಿ!"

"ಬಸರ ಹೆಂಗಸು ಹೆಣಾ ನೋಡಿ ನಗೂದೇನ?" ಅಂತ ಸಂಗನಬಸವನ ಅವ್ವ ಮಹಾದೇವಕ್ಕ ಒಲಿ ಮುಂದ ಕೂತು ಗೊಣಗತಿದ್ದಳು. ಯಾರ ಕೇಳಬೇಕ ಅಕಿ ಮಾತ?

ಸಂಗನಬಸವ ಅದಕ್ಕಿಂತ ದೊಡ್ಡ ತಪ್ಪ ಮಾಡಿದ್ದ. ಕಲಘಟಗಿ ತೊಟ್ಟಿಲ ಅಂದ್ರ ಎಲ್ಲೆಲ್ಲಿಂದೋ ಮಂದಿ ಹುಡುಕಿಕೊಂಡು ಬರತಾರ. ಆದ್ರ ತೊಟ್ಟಿಲ ಮಾಡೂ ಮನ್ಯಾಗ ಒಂದ ಪದ್ಧತಿ ಐತಿ. ಮಂದಿ ಕೂಸಿಗೆ ಎಷ್ಟರೆ ಮಾಡು, ನಿನ್ನ ಕೂಸು ಹೊಟ್ಟ್ಯಾಗ ಇರೂತನಕ ಅದರ ತೊಟ್ಟಿಲದ ಹಲಗೀಗೆ ಕುಂಚ ಮುಟ್ಟಸಬಾರದು. ಅವನ ಅಪ್ಪ ಮುಟ್ಟಸಿದ್ದಿಲ್ಲ, ಅಜ್ಜ ಮುಟ್ಟಸಿದ್ದಿಲ್ಲ. ಈ ಮಾರಾಯಗ ತಡೀಲಿಲ್ಲ. ಹಿತ್ತಲದ ಕ್ವಾಣ್ಯಾಗ ಕದಾ ಹಾಕ್ಕೊಂಡು, ಛಲೋ ಸಾಗವಾನಿ ಆರಿಸಿ, ಸ್ವಂತ ಮಗಳಿಗೋ ಮಗನಿಗೋ ಅಂತ ತೊಟ್ಟಿಲ ಮಾಡಿದ. ಹೊರಗ ಬೆಣ್ಣಿ ಗಡಗಿ ಹಿಡಕೊಂಡ ಬಾಲಕೃಷ್ಣ, ಬಳ್ಳಿ, ನವಿಲು. ಒಳಗ, ಕೂಸಿನ ತಲಿ ಬರೂ ಕಡೆ, ಹೆಬ್ಬಟ್ಟಿನಷ್ಟ ಜಾಗಾದಾಗ ನಂದಾನ ಹಟಕ್ಕ ಒಂದು ಕಾಲಚೀಲದ ಕೂಸು, ನಾಲಿಗಿ ಹೊರಗ ಹಾಕಿ.

"ಮಂದಿಗೆ ಕಾಣಬಾರದ್ರಿ. ನಮ್ಮದು ಕಣ್ಣ ತಗದ ಕೂಡ್ಲೆ ಇದನ್ನ ನೋಡಿ ನಗಬೇಕು" ಅಂದಿದ್ದಳು ನಂದಾ.

ಎಂಟನೇ ತಿಂಗಳದಾಗ ಒಂದಿನ ಕೂಸು ಒದೀಲಿಲ್ಲ. ನಕ್ಕರೂ ಒದೀಲಿಲ್ಲ. ಹುಬ್ಬಳ್ಳಿ ದವಾಖಾನ್ಯಾಗ ಹೊರಗ ತಗದಾಗ ಹೆಣ್ಣ ಕೂಸು. ಅದಕ ಉಸರಿದ್ದಿಲ್ಲ. ನೋಡಿದ್ರ ಮನಸಿನಾಗ ಉಳೀತೈತಿ ಅಂತ ಹಿರ್‍ಯಾರು ನಂದಾಗ ತೋರಸಲಿಲ್ಲ. ಸಂಗನಬಸವ ಒಂದ ಬಿಳಿ ಅರಬ್ಯಾಗ ಸುತ್ತಿ, ತೊಡಿ ಮ್ಯಾಲ ಇಟಗೊಂಡು ಊರಿಗೆ ತಂದು ಹೊಲದ ಬದುವಿನಾಗ ಮಣ್ಣ ಕೊಟ್ಟ. ಅವತ್ತಿನಿಂದ ಮನ್ಯಾಗ ಆ ಮಾತ ಯಾರೂ ತಗದಿಲ್ಲ. ತಗೀಬೇಕಂದ್ರ ಏನಂತ ತಗೀಬೇಕು? ತೊಟ್ಟಿಲಕ್ಕ ಹಾಕದ ಕೂಸಿಗೆ ಹೆಸರಿಲ್ಲ. ಹೆಸರ ಹಿಡದು ಅಳಲಿಕ್ಕೂ ಬರಂಗಿಲ್ಲ.

ಹದಿನೈದನೇ ದಿನಕ್ಕ ನಂದಾ ಮತ್ತ ಅದ ಕಾರ್ಟೂನ ಹಚ್ಚಿದಳು. ಮೊದಲಿಂದ. ನಗೂ ಜಾಗಾದಾಗೆಲ್ಲಾ ನಕ್ಕಳು. ಓಣಿ ಮಂದಿ ಕಟ್ಟಿ ಮ್ಯಾಲ ಕೂತು ಪಿಸಿಪಿಸಿ ಮಾಡಿದ್ರು. "ಹೆತ್ತ ಹೊಟ್ಟಿ ಏನ ಇದು?" ಅಂತ ಮಹಾದೇವಕ್ಕ ಮೂಗ ಏರಿಸಿದಳು. ಸಂಗನಬಸವಗ ಬೇಕಾಗಿದ್ದು ಒಂದ ಒಂದು: ನಂದಾ ಒಮ್ಮೆ ಅವನ ಮುಂದ ಕೂತು ಅಳಬೇಕು. ಅತ್ತಳಂದ್ರ ಅಕಿ ಹೊಳ್ಳಿ ಬಂದಂಗ, ತನಗೂ ಅಳಲಿಕ್ಕೆ ಪರವಾನಗಿ ಸಿಕ್ಕಂಗ. ಆದ್ರ ಅದನ್ನ ಅಕಿಗೆ ಹೇಳೂ ಧೈರ್ಯ ಆ ಗಂಡಸಿಗೆ ಇದ್ದಿಲ್ಲ ನೋಡ್ರಿ. ಪದ್ಧತಿ ಮುರದಾವ ನಾನು, ಕೂಸಿನ್ನ ನುಂಗಿದಾವ ನಾನು ಅನ್ನೂ ಕಲ್ಲ ಎದ್ಯಾಗ ಕೂತಿತ್ತು.

ಹಿಂಗಿರೂವಾಗ ಸೋಮವಾರ ತಂಬೂರ ಅನ್ನೂ ಊರಿನ ತಿರಕಪ್ಪ ಬಂದ. ಮೊಮ್ಮಗನ್ನ ಗುರುವಾರ ಮಧ್ಯಾಹ್ನ ತೊಟ್ಟಿಲಕ್ಕ ಹಾಕೂದೈತಿ, ಹೆಂಗರೆ ಮಾಡಿ ಒಂದ ತೊಟ್ಟಿಲ ಕೊಡ್ರಿ ಅಂತ ಕೈ ಹಿಡದ. ಮೂರ ದಿನದಾಗ ತೊಟ್ಟಿಲ ಆಕ್ಕತೇನ? ಆಗೂದಿಲ್ಲ. ಮಹಾದೇವಕ್ಕ ಮಗನ್ನ ಬಾಜೂಕ ಕರದಳು.

"ಹಿತ್ತಲದಾಗಿನ ತೊಟ್ಟಿಲ ಕೊಟ್ಟ ಬಿಡೋ ಸಂಗಣ್ಣಾ. ಅದು ಕಣ್ಣ ಮುಂದ ಇರೂತನಕ ಅಕಿ ಸುದ್ದಾಗೂದಿಲ್ಲ."

ಅವಂಗೂ ಹೌದನಿಸಿತು. ಚಾಕು ತಗೊಂಡು ಒಳಗಿನ ಆ ಹೆಬ್ಬಟ್ಟಿನಷ್ಟ ಚಿತ್ರ ಕೆರದ. ಕೆರಿಯೂವಾಗ ಅವನ ಕಣ್ಣಾಗ ನೀರ ಬಂತು, ಒಬ್ಬಾಂವನ ಅತ್ತ. ಆ ಜಾಗಾದಾಗ ಹಸರ ಗಿಳಿ ಬರದ. ಗುರುವಾರ ಮುಂಜಾನಿ ಮಹಾದೇವಕ್ಕ ನಂದಾನ್ನ ದವಾಖಾನಿಗೆ ಕರಕೊಂಡು ಹೋದಾಗ, ತಿರಕಪ್ಪನ ಟೆಂಪೋದಾಗ ತೊಟ್ಟಿಲ ಏರಿಸಿ ಕಳಿಸಿದ. ನಂದಾಗ ಹೇಳಲಿಲ್ಲ.

ಆ ಗುರುವಾರ ಅಂದ್ರ ಇವತ್ತ. ಅಕಿ ದವಾಖಾನಿಯಿಂದ ಬಂದು, ಒಂದ ತುತ್ತ ಉಂಡು, ಮೊಬೈಲ ಹಿಡಕೊಂಡು ಕೂತಿದ್ದು, ನಕ್ಕಿದ್ದು. ಒಮ್ಮೆಲೆ ಆ ನಗಿ ನಿಂತಿತು. ಮೊಬೈಲದಾಗ ಡೋಲು, ಹಾಡು, ಕುಣತ. ಆಮ್ಯಾಲ ಅದೂ ನಿಂತಿತು.

"ರೀ, ಇಲ್ಲಿ ಬರ್ರಿ" ಅಂದಳು ನಂದಾ.

ಸಂಗನಬಸವ ಕೈ ಒರಿಸಿಕೊಂಡು ಹೋಗಿ ಮುಂದ ಕೂತ.

"ನಾಲ್ಕನೇ ಭಾಗ ನೆನಪೈತೇನ್ರಿ? ಒಂದು ಕಾಲಚೀಲದ ಕೂಸಿನ ಅವ್ವ ಬರತಾಳಲ್ಲಾ? ಅದನ್ನ ಅಪ್ಪಿಕೊಂಡು ಅಳತಾಳ. ಔಷಧ ತಂದ ಕೊಡತೀವಿ, ಇದನ್ನ ಹೊಳ್ಳಿ ಕೂಸ ಮಾಡತೀವಿ ಅಂತ ಆ ಕಟಿಂಗಿನವ ಆಣಿ ಮಾಡತಾನ."

"ಹೂಂ. ಅಷ್ಟರಾಗ ಅಂವ ಬಾಳಿಹಣ್ಣಿನ ಸಿಪ್ಪಿ ಮ್ಯಾಲ ಕಾಲಿಟ್ಟ ಬೀಳತಾನ."

"ನಾವು ಅವಾಗ ನಕ್ಕಿದ್ವಿ. ಅಳೂ ಹೆಣ್ಮಗಳ ಮುಂದ ಬಿದ್ದಾನ, ನಾವು ನಕ್ಕಿದ್ವಿ." ನಂದಾ ಮೊಬೈಲ ನೆಲಕ್ಕಿಟ್ಟಳು. "ಆಣಿ ಮಾಡ್ಯಾನಲ್ಲಾ, ಔಷಧ ತರತಾನ ಅಂತ ನಾ ಕಡೀತನಕ ನೋಡಿದೆ ರೀ. ಇದು ಕಡೀ ಭಾಗ. ಎಲ್ಲಾರೂ ಸಮುದ್ರದ ದಂಡಿಗೆ ಹೋಗಿ ಕುಣದ್ರು. ಮುಗೀತು. ಆ ಕೂಸಿನ್ನ ಮರತ ಬಿಟ್ಟಾರ! ನಗಸಬೇಕಾದಾಗ ತಂದ್ರು, ಅಳಸಬೇಕಾದಾಗ ತಂದ್ರು. ತಮಗ ಬ್ಯಾಡಾದ ಮ್ಯಾಲ ಎಲ್ಲೈತಿ ಅಂತ ಒಬ್ಬರೂ ಕೇಳಲಿಲ್ಲ."

"ಅದು ಕಾರ್ಟೂನ ಅಲ್ಲೇನ ನಂದಾ..."

"ನಮ್ಮನ್ಯಾಗರೆ ಯಾರ ಕೇಳೀರಿ?" ಅಂದಳು. ಅಷ್ಟಂದಾಕಿನ ಅಳಲಿಕ್ಕೆ ಹತ್ತಿದಳು. ನಲವತ್ತೊಂದ ದಿನದ್ದು ಒಮ್ಮೆಲೆ ಬಂತು. ನೆಲಕ್ಕ ಕೈ ಊರಿ, ಉಸರ ಸಿಗಲಾರದಂಗ ಅತ್ತಳು. "ನಾ ಹುಚ್ಚಿ ಅಲ್ಲ ರೀ. ನಾ ನಕ್ಕಾಗೊಮ್ಮೆ ಅದು ಒದೀತಿತ್ತು. ನಕ್ಕರ ಎಲ್ಲರೆ ಮತ್ತ..."

ಸಂಗನಬಸವ ಅಕಿನ್ನ ಎದಿಗೆ ಒತ್ತಿಕೊಂಡ. ಅವಂಗ ದುಃಖಾನೂ ಆತು, ಒಳಗೊಳಗ ಸಮಾಧಾನಾನೂ ಆತು. ಬಂದಳು, ನನ್ನ ನಂದಾ ಬಂದಳು ಅನಿಸಿತು.

ಸೆರಗಿಲೆ ಮೂಗ ಒರಿಸಿಕೊಂಡು ಅಕಿ ತಲಿ ಎತ್ತಿದಳು. "ಒಂದ ಮಾತ ನಡಸತೀರೇನ? ಹಿತ್ತಲದಾಗಿನ ತೊಟ್ಟಿಲ ತರ್ರಿ. ನಮ್ಮವ್ವ ಕೂಸಿಗಂತ ಹೊಲಿದ ಕುಂಚಗಿ ಪೆಟಗ್ಯಾಗ ಐತಿ. ಆ ಕುಂಚಗಿ ತೊಟ್ಟಿಲದಾಗ ಹಾಕೂಣು, ಒಂದ ಸರತೆ ತೂಗೂಣು. ಅದಕ ನಾ ಹೆಸರ ಇಟ್ಟೇನಿ ರೀ, ಯಾರಿಗೂ ಹೇಳಿಲ್ಲ. ತೊಟ್ಟಿಲಕ್ಕ ಹಾಕಿದ ಮ್ಯಾಲ ನಿಮ್ಮ ಕಿವ್ಯಾಗ ಹೇಳತೀನಿ. ಆಮ್ಯಾಲ ಆ ತೊಟ್ಟಿಲ ಬೇಕಾದವರಿಗೆ ಕೊಡ್ರಿ, ನಾ ಏನೂ ಅನ್ನೂದಿಲ್ಲ."

ಸಂಗನಬಸವ ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದ. ಎರಡೂವರಿ. ತಂಬೂರದಾಗ ತಿರಕಪ್ಪನ ಮೊಮ್ಮಗನ್ನ ತೊಟ್ಟಿಲಕ್ಕ ಹಾಕಿ, ಹೆಸರ ಕರದು, ಎಲ್ಲಾರೂ ಊಟಕ್ಕ ಕೂತಿರಬೇಕು. ಒಂದ ಕೂಸ ಮಲಗಿದ ತೊಟ್ಟಿಲ ಇಸಕೊಂಡ ಬರಲಿಕ್ಕೆ ಬರೂದಿಲ್ಲ. ಹಂಗ ಕೇಳಿದ್ರ ಆ ಕೂಸಿಗೆ ಕೇಡ ಬಯಸಿದಂಗ.

"ನಂದಾ, ತೊಟ್ಟಿಲ ಇಲ್ಲ. ಮುಂಜಾನಿ ತಂಬೂರಿಗೆ ಹೋತು."

ನಂದಾ ಅವನ ಮಾರೀನ ನೋಡಿದಳು. "ಅದರೊಳಗಿನ ಚಿತ್ರ?"

"ಕೆರದು ಅಲ್ಲಿ ಗಿಳಿ ಬರದೆ."

ಅಕಿ ಬೈಲಿಲ್ಲ, ಹೊಡೀಲಿಲ್ಲ. ಹೊಡದಿದ್ರ ಅವಂಗ ಛಲೋ ಆಗತಿತ್ತು. ಮೆಲ್ಲಕ ಅವನ ತೋಳಿನಿಂದ ಸರದು ಹಿಂದಿನ ಜಾಗಾಕ್ಕ ಹೋಗಿ ಗ್ವಾಡಿಗೆ ಬೆನ್ನ ಹಚ್ಚಿದಳು.

"ಇನ್ನೊಂದ ಮಾಡತೀನಿ" ಅಂದ. "ಅಗದಿ ಅಂಥಾದ್ದ ಮಾಡತೀನಿ, ಅಂಥಾದ್ದ ಚಿತ್ರ ತಗೀತೀನಿ. ಹೆಸರರೆ ಹೇಳ ನಂದಾ. ನನಗರೆ ಹೇಳ. ನಾ ಅದನ್ನ ನೋಡೇನಿ. ಕೈಯಾರೆ ಮಣ್ಣ ಕೊಟ್ಟೇನಿ."

ನಂದಾ ಮೊಬೈಲ ಮೊಣಕಾಲ ಮ್ಯಾಲ ನಿಲ್ಲಿಸಿ ಮೊದಲನೇ ಭಾಗ ಹಚ್ಚಿದಳು. ಟಪಾಲ ಗಾಡಿ ಹೊಂಟಿತು. ಸಂಗನಬಸವ ಮತ್ತೊಮ್ಮೆ ಹೆಸರ ಕೇಳಿದ.

"ಸುಮ್ಮನಿರ್ರಿ" ಅಂದಳು. "ಈಗ ನಗೂದ ಬರತೈತಿ."

ಕಾಲಚೀಲದ ಕೂಸು ಬಂತು, ಟಾಯರ ಕಡೀತು. ನಂದಾ ನಕ್ಕಳು. ನಕ್ಕು, ಎಡಗೈ ಹೊಟ್ಟಿ ಮ್ಯಾಲ ಇಟ್ಟು, ಉಸರ ಹಿಡದು ಕಾಯ್ದಳು. ಬಾಜೂಕ ಬಂದು ಕೂತ ಸಂಗನಬಸವ ಸೈತ ನಕ್ಕ. ಈ ಸರತೆ ಅಕಿ ಅವನ ಕೈ ಜಗ್ಗಲಿಲ್ಲ.